ಬಿಟ್ಟುಕೊಡುವವರ ಹೆಸರು

ನಮ್ಮೂರಿನ ಬೇಸಿಗೆ ಶಿಬಿರದ ಅರ್ಜಿಯಲ್ಲಿ ಆರು ಕಾಲಂ ಇವೆ. ಮಗುವಿನ ಹೆಸರು, ವಯಸ್ಸು, ತರಗತಿ, ಕಲಿಯಬೇಕಾದ ವಿದ್ಯೆ, ಪೋಷಕರ ಸಹಿ, ಈ ಐದನ್ನು ಜನ ನಿಂತ ಕಾಲಲ್ಲೇ ತುಂಬಿಬಿಡುತ್ತಾರೆ. ಆರನೆಯದಕ್ಕೆ ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ. ‘ಬಿಟ್ಟುಕೊಡುವವರ ಹೆಸರು’ ಎಂದು ಅಲ್ಲಿ ಅಚ್ಚಾಗಿದೆ. ಹದಿನಾಲ್ಕು ವರ್ಷದಿಂದ ಶಾಲೆಯ ಜಗಲಿಯಲ್ಲಿ ಮೇಜು ಹಾಕಿಕೊಂಡು ಕೂತು ಈ ಅರ್ಜಿಗಳನ್ನು ತೆಗೆದುಕೊಳ್ಳುವವಳು ನಾನು, ವಾರಿಜಾ. ಅವುಗಳ ಮೇಲೆ ನೇರಳೆ ಶಾಯಿಯ ಮುದ್ರೆ ಒತ್ತುವವಳೂ ನಾನೇ.

ಶಾಲೆಯ ಹೊತ್ತಿನಲ್ಲಿ ಕಲಿತದ್ದಕ್ಕೆ ನಮ್ಮಲ್ಲಿ ಯಾರೂ ಏನೂ ಬಿಟ್ಟುಕೊಡಬೇಕಿಲ್ಲ. ಅದು ಮಕ್ಕಳ ತಲೆಯಲ್ಲಿ ನಿಲ್ಲುವುದೂ ಅಷ್ಟಕ್ಕಷ್ಟೇ. ಆದರೆ ಕೊನೆಯ ಗಂಟೆ ಹೊಡೆದ ಮೇಲೆ ನಡೆಯುವ ಸಂಜೆ ತರಗತಿಯಲ್ಲಾಗಲಿ, ಬೇಸಿಗೆ ರಜೆಯ ಶಿಬಿರದಲ್ಲಾಗಲಿ ಮಗು ಏನು ಕಲಿತರೂ ಅದು ಅದರ ಮನೆಯವರೊಬ್ಬರಿಂದ ಬರುತ್ತದೆ. ಮಗುವಿಗೆ ಬಂದಷ್ಟೂ ಅವರಿಂದ ಹೋಗುತ್ತದೆ. ಹೋಗುವಾಗ ನೋವಿಲ್ಲ, ಸದ್ದಿಲ್ಲ. ಬೇಕೆಂದು ಕೈಹಾಕಿದಾಗಲೇ ಇಲ್ಲವೆಂದು ತಿಳಿಯುವುದು. ಹೀಗೇಕೆ ಎಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಸೀಟು ಎಷ್ಟು ಉಳಿದಿದೆ, ಸಾಲು ಎಲ್ಲಿಂದ ಶುರು, ಅಷ್ಟನ್ನೇ ಕೇಳುತ್ತಾರೆ.

ಜನ ಇದಕ್ಕೆ ಹೊಂದಿಕೊಂಡ ರೀತಿ ನೋಡಿದರೆ ಒಮ್ಮೊಮ್ಮೆ ನನಗೆ ನಗು ಬರುತ್ತದೆ. ಹೆಣ್ಣು ನೋಡಲು ಹೋದವರು ಹಾಡಲು ಬರುತ್ತದೆಯೇ, ಕಸೂತಿ ಬರುತ್ತದೆಯೇ ಎಂದು ಕೇಳುವುದು ಬೇರೆ ಊರಲ್ಲೂ ಉಂಟಂತೆ. ನಮ್ಮಲ್ಲಿ ಅದನ್ನು ಇನ್ನೂ ಹುಟ್ಟದ ಮೊಮ್ಮಕ್ಕಳ ಪರವಾಗಿ ಕೇಳುತ್ತಾರೆ. ನಾಲ್ಕು ಭಾಷೆ ಬಲ್ಲ ಸೋದರಮಾವನೊಬ್ಬ ಮನೆಯಲ್ಲಿದ್ದರೆ ಅವನ ಅನ್ನಕ್ಕೆ ಬೇರೆಯವರಿಗಿಂತ ಒಂದು ಚಮಚ ತುಪ್ಪ ಹೆಚ್ಚು ಬೀಳುತ್ತದೆ, ನಾಲ್ಕನೆಯ ಭಾಷೆಯೂ ಹೋಗುವ ತನಕ. ನಮ್ಮ ಬೀದಿಯ ಹಾರ್ಮೋನಿಯಂ ಪುಟ್ಟಾಚಾರ್ರು ಮೊಮ್ಮಗಳ ಕೈ ಹಿಡಿದುಕೊಂಡು ಮೇಜಿನ ಮುಂದೆ ಬಂದಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಿಟ್ಟುಕೊಡುವವರು ಖುದ್ದಾಗಿ ಬಂದು, ನನ್ನ ಮುಖ ನೋಡಿ, “ಬಿಟ್ಟೆ” ಎನ್ನಬೇಕು; ಆಮೇಲೆಯೇ ಮುದ್ರೆ. ಅವರು ನಗುತ್ತಲೇ ಅಂದರು. ಆ ಹುಡುಗಿ ಈಗ ಬಹಳ ಚೆನ್ನಾಗಿ ನುಡಿಸುತ್ತಾಳೆ, ಆದರೆ ಪ್ರತಿ ಹಾಡಿಗೂ ಮುಂಚೆ ಎರಡು ಸಲ ಕೆಮ್ಮುತ್ತಾಳೆ. ಅದು ತಾತನ ಕೆಮ್ಮು. ವಿದ್ಯೆ ಬಂದರೆ ಅದನ್ನು ಕೊಟ್ಟವರ ಚಾಳಿಯೂ ಜೊತೆಗೆ ಬರುತ್ತದೆ. ಪುಟ್ಟಾಚಾರ್ರು ಪಕ್ಕದಲ್ಲಿ ಕೂತು, ಯಾರದೋ ಮನೆಯ ಮಗು ನುಡಿಸುತ್ತಿದೆ ಎನ್ನುವ ಹಾಗೆ ತಲೆದೂಗುತ್ತಾರೆ.

ಒಂದು ಸಲ ಮುದ್ರೆ ಬಿದ್ದರೆ ಹಿಂದಕ್ಕೆ ತೆಗೆಯುವ ಹಾಗಿಲ್ಲ. ಸೈಕಲ್ ಕಲಿಯುತ್ತಿದ್ದ ಹುಡುಗನನ್ನು ಅವರಮ್ಮ ಹೆದರಿ ನಡುವೆಯೇ ಬಿಡಿಸಿಕೊಂಡು ಹೋದಳು. ಈಗ ಅವನಿಗೆ ತುಳಿಯುವುದಷ್ಟೇ ಗೊತ್ತು, ಅವನ ಚಿಕ್ಕಪ್ಪನಿಗೆ ಬ್ರೇಕ್ ಹಿಡಿಯುವುದಷ್ಟೇ ಗೊತ್ತು. ಇಬ್ಬರ ಮಂಡಿಯಲ್ಲೂ ಗಾಯ ಮಾಯ್ದಿಲ್ಲ.

ಇನ್ನು ನಮ್ಮ ಮನೆಯ ವಿಷಯ. ನನ್ನ ಗಂಡ ಹೊನ್ನಪ್ಪ ಊರ ಮುಂದಿನ ಹೊಳೆಯಲ್ಲಿ ದೋಣಿ ನಡೆಸುತ್ತಾರೆ. ನಮ್ಮತ್ತೆ ಸಿದ್ದವ್ವನವರೂ ಅಂಬಿಗರ ಮನೆಯಲ್ಲೇ ಹುಟ್ಟಿ ಬೆಳೆದವರು. ವಯಸ್ಸಿನಲ್ಲಿ ಹೊಳೆಯ ತಳದಿಂದ ಬಿಂದಿಗೆ ಎತ್ತಿಕೊಂಡು ಬರುತ್ತಿದ್ದರಂತೆ. ನನಗೆ ಈಜು ಬಾರದು. ಹೊಳೆ ಕಂಡರೆ ಈಗಲೂ ನನಗೆ ಭಯ. ಅದಕ್ಕೆ ಕಾರಣವಿದೆ. ನಮ್ಮ ಮಗಳು ಚಂಪಾ ಎಂಟು ತಿಂಗಳ ಕೂಸಾಗಿದ್ದಾಗ ತವರಿಂದ ಬರುತ್ತಿದ್ದ ನಮ್ಮ ದೋಣಿ ನಡುಹೊಳೆಯಲ್ಲಿ ಮಗುಚಿತು. ನಾನು ಮಗುಚಿದ ದೋಣಿಯ ಅಂಚು ಹಿಡಿದುಕೊಂಡು ಕಿರುಚುತ್ತಿದ್ದೆ. ಇವರು ಎಡಗೈಯಲ್ಲಿ ಕೂಸನ್ನು ನೀರಿನ ಮೇಲಕ್ಕೆತ್ತಿ ಹಿಡಿದು, ಬಲಗೈಯೊಂದರಲ್ಲೇ ಈಜಿ ದಡ ಮುಟ್ಟಿದರು. ಚಂಪಾಳ ತಲೆಗೂದಲು ಕೂಡ ನೆನೆದಿರಲಿಲ್ಲ. ಅದೇ ಕೊನೆ, ಅವರು ಮತ್ತೆ ನೀರಿಗಿಳಿಯಲಿಲ್ಲ. ಸ್ನಾನಕ್ಕೂ ದಡದಲ್ಲಿ ಕೂತು ಚೆಂಬಿನಲ್ಲಿ ಮೊಗೆದುಕೊಳ್ಳುತ್ತಾರೆ. ಆದರೂ ದಿನಕ್ಕೆ ಎಂಟು ಸಲ ಹೊಳೆ ದಾಟುವ ಮನುಷ್ಯನಿಗೆ ಈಜು ಬರುತ್ತದೆ ಎಂಬುದೊಂದೇ ನನಗಿದ್ದ ಧೈರ್ಯ.

ಹಾಗಾಗಿ ಚಂಪಾ ಈಜು ಶಿಬಿರಕ್ಕೆ ಸೇರುತ್ತೇನೆಂದು ಎರಡು ಬೇಸಿಗೆ ಹಟ ಹಿಡಿದಾಗ ನಾನು ಎರಡು ಸಲವೂ ಆಗುವುದಿಲ್ಲವೆಂದೆ. ಅತ್ತೆಯ ಹೆಸರು ಬರೆಸಬಹುದಿತ್ತು, ಆದರೆ ಮಗಳು ನೀರಿಗಿಳಿಯುವುದೇ ನನಗೆ ಬೇಡವಾಗಿತ್ತು. ಚಿತ್ರ ಕಲಿ, ಹೊಲಿಗೆ ಕಲಿ, ನನಗೆ ಬರುವ ಹೊಲಿಗೆಯನ್ನೆಲ್ಲ ತೆಗೆದುಕೋ ಎಂದೆ.

“ನಂಗೆ ಹೊಲಿಗೆ ಬೇಡಮ್ಮ. ನನ್ ಜೊತೆಯವರೆಲ್ಲ ಕಲ್ಯಾಣಿಗೆ ಹೋಗ್ತಾರೆ, ನಾನೊಬ್ಳೇ ಮೆಟ್ಟಿಲ ಮೇಲೆ ಕೂತಿರ್ಬೇಕಾ?”

“ಈಜು ಒಂದು ಬಿಟ್ಟು ಏನಾದ್ರೂ ಕೇಳು. ನಿಮ್ಮಪ್ಪ ಹೊಳೆ ಮೇಲಿರೋರು ಕಣೇ.”

“ಅಪ್ಪಂದು ಯಾರು ಕೇಳಿದ್ರು?” ಎಂದು ಅವಳು ಮುಖ ಊದಿಸಿಕೊಂಡು ಎದ್ದು ಹೋದಳು. ಹನ್ನೊಂದು ವರ್ಷದ ಹುಡುಗಿಯ ಮುನಿಸು, ಎರಡು ದಿನ ಇದ್ದು ಹೋಗುತ್ತದೆ ಎಂದುಕೊಂಡೆ.

ಅರ್ಜಿಯ ಕೊನೆಯ ದಿನ ಎಂದರೆ ನನಗೆ ಉಸಿರಾಡಲೂ ಬಿಡುವಿರುವುದಿಲ್ಲ. ಸಂಜೆಯ ಗಂಟೆ ಹೊಡೆಯುವುದರೊಳಗೆ ಎಲ್ಲಕ್ಕೂ ಮುದ್ರೆ ಬೀಳಬೇಕು. ಆ ವರ್ಷ ಸಾಲು ಶಾಲೆಯ ಗೇಟು ದಾಟಿ ಹಿಟ್ಟಿನ ಗಿರಣಿಯವರೆಗೆ ಹೋಗಿತ್ತು. ಒಬ್ಬ ಅಜ್ಜಿ “ಬಿಟ್ಟೆ” ಎನ್ನುತ್ತಲೇ ಅಳಲು ಶುರುಮಾಡಿದರು, ಇನ್ನೊಬ್ಬರ ಮನೆಯಲ್ಲಿ ಅಣ್ಣತಮ್ಮಂದಿರು ನೀನು ಬಿಡು, ನೀನು ಬಿಡು ಎಂದು ಮೇಜಿನ ಮುಂದೆಯೇ ಜಗಳಕ್ಕೆ ನಿಂತರು. ಒಪ್ಪಿಗೆ ಹೇಳಿ ಮುಗಿಸಿದವರ ಅರ್ಜಿಗಳನ್ನು ಒಂದು ಕಡೆ ಪೇರಿಸಿಟ್ಟುಕೊಂಡು, ಕೊನೆಯ ಗಳಿಗೆಯಲ್ಲಿ ಮೇಲಿಂದ ಮೇಲೆ ಒತ್ತುತ್ತ ಹೋದೆ. ಮುಖ ನೋಡಿದ್ದೇನಲ್ಲ, ಕಾಗದ ಏಕೆ ನೋಡಬೇಕು ಎಂಬ ಜಂಬ ನನಗೆ. ಹದಿನಾಲ್ಕು ವರ್ಷದ ಜಂಬ. ಆ ಕಟ್ಟಿನ ನಡುವೆ ನನ್ನ ಮಗಳು ಕಣ್ಣು ತಪ್ಪಿಸಿ ತೂರಿಸಿಟ್ಟ ಅವಳದೇ ಒಂದು ಅರ್ಜಿ ಸೇರಿಕೊಂಡಿತ್ತು.

ಶಿಬಿರದ ಮೊದಲ ದಿನ ಚಂಪಾ ಮಧ್ಯಾಹ್ನ ಮನೆಗೆ ಬಂದಾಗ ಜಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಲಿಯುವ ಮಕ್ಕಳ ಸೊಂಟಕ್ಕೆ ಕಟ್ಟುವ ಒಣ ಸೋರೆಬುರುಡೆ ಎರಡು ಅವಳ ಕೈಯಲ್ಲಿ ಒಂದಕ್ಕೊಂದು ತಾಗಿ ಟೊಕ್ ಟೊಕ್ ಎನ್ನುತ್ತಿದ್ದವು. ಅವಳ ಮುಖದಲ್ಲಿ ಸಂತೋಷ ಉಕ್ಕುತ್ತಿತ್ತು.

“ತೇಲಿದೆ ಅಮ್ಮ! ಮೊದಲನೇ ದಿನವೇ ತೇಲಿದೆ. ಮೇಷ್ಟ್ರು ನಂಬ್ಲೇ ಇಲ್ಲ.”

“ಯಾರ ಹೆಸರು ಬರ್ದೆ? ಚಂಪಾ, ಆರನೇ ಕಾಲಂನಲ್ಲಿ ಯಾರ ಹೆಸರು ಬರ್ದೆ?”

“ಯಾರದೂ ಬರೀಲಿಲ್ಲಮ್ಮ. ಖಾಲಿ ಬಿಟ್ಟೆ. ಹೆಸರೇ ಇಲ್ದಿದ್ರೆ ಯಾರಿಂದಲೂ ಹೋಗಲ್ಲ ಅಲ್ವಾ?”

ಅವಳು ನಿಜವಾಗಿಯೂ ಹಾಗೆ ನಂಬಿದ್ದಳು. ಹೊಡೆಯಲು ಎತ್ತಿದ ಕೈ ಹಾಗೇ ಇಳಿಯಿತು. ಕಾಲಂ ಖಾಲಿ ಇದ್ದರೆ ಮನೆಯಲ್ಲಿ ಆ ವಿದ್ಯೆ ಬಲ್ಲವರಲ್ಲಿ ಯಾರಿಂದ ಬೇಕಾದರೂ ಹೋಗುತ್ತದೆ. ಯಾರಿಂದ ಎಂದು ಯಾರಿಗೂ ತಿಳಿಯುವುದಿಲ್ಲ. ನಾನು ಕೆಲಸಕ್ಕೆ ಸೇರಿದಂದಿನಿಂದ ಒಬ್ಬರೂ ಖಾಲಿ ಬಿಟ್ಟಿರಲಿಲ್ಲ. ಶಾಲೆಗೆ ಓಡಿ ಕಟ್ಟು ಬಿಚ್ಚಿ ನೋಡಿದೆ. ಪೋಷಕರ ಸಹಿಯ ಜಾಗದಲ್ಲಿ ನಮ್ಮತ್ತೆಯ ಹೆಬ್ಬೆಟ್ಟು. ಅದರ ಪಕ್ಕದಲ್ಲಿ ನನ್ನ ಮುದ್ರೆ, ನೆಟ್ಟಗೆ, ಅಚ್ಚುಕಟ್ಟಾಗಿ.

ಅತ್ತೆ ಹಿತ್ತಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ನಾನು ಏನೂ ಕೇಳುವ ಮೊದಲೇ ತಲೆ ತಗ್ಗಿಸಿದರು.

“ಮಗು ಅಳ್ತಿತ್ತು ಕಣೇ ವಾರಿಜ. ಮನೆಗೆ ಹಿರಿಯಳು ನಾನಲ್ವಾ, ಹೋಗೋದಿದ್ರೆ ನನ್ನಿಂದ್ಲೇ ಹೋಗುತ್ತೆ ಅಂದ್ಕೊಂಡೆ. ಈ ವಯಸ್ಸಲ್ಲಿ ನಂಗ್ಯಾಕೆ ಈಜು? ಈಗ ಬರ್ಕೋ ನನ್ನ ಹೆಸರು. ಬಿಟ್ಟೆ. ಕೇಳಿಸ್ತಾ? ಬಿಟ್ಟೆ ಕಣೇ, ಬಿಟ್ಟೆ.”

“ಮುದ್ರೆ ಬಿದ್ದಾಯ್ತು ಅತ್ತೆ” ಎಂದೆ. 

ಸಂಜೆ ಗಂಡನಿಗೆ ಹೇಳಿದೆ. ಅವರು ಕಾಲು ತೊಳೆದುಕೊಳ್ಳುತ್ತಲೇ ನಕ್ಕರು. “ಕಲೀಲಿ ಬಿಡೆ. ನಾನು ದೋಣಿ ನಡೆಸೋನು, ಮೀನೇನಲ್ಲ.”

“ಒಂದು ಸಲ ಕಲ್ಯಾಣಿಗೆ ಇಳಿದು ನೋಡ್ರೀ. ಹಗ್ಗ ಕಟ್ಕೊಂಡು. ನಾನು ಹಿಡ್ಕೊಂಡಿರ್ತೀನಿ.”

“ನೋಡೋಕ್ ಹೋದ್ರೆ ಇಲ್ಲ ಅಂತ ಗೊತ್ತಾದ್ರೂ ಆಗ್ಬಹುದು. ನೋಡ್ದೆ ಇದ್ರೆ ಇದೆ ಅಂತಾನೇ ಲೆಕ್ಕ. ಸುಮ್ನಿರು.”

ನಗುತ್ತ ಹೇಳಿದರೇನೋ ನಿಜ. ಆದರೆ ಮರುದಿನ ಬೆಳಿಗ್ಗೆ ದೋಣಿ ಹತ್ತುವಾಗ ಅವರು ಅಂಚು ಹಿಡಿದುಕೊಂಡು ಹತ್ತಿದರು. ಇಪ್ಪತ್ತು ವರ್ಷದಿಂದ ದಡದಿಂದ ಒಂದೇ ನೆಗೆತಕ್ಕೆ ದೋಣಿಯೊಳಗಿರುತ್ತಿದ್ದ ಮನುಷ್ಯ. ಹುಟ್ಟು ಹಾಕುತ್ತ ಹಾಡಿಕೊಳ್ಳುವ ಅಭ್ಯಾಸವಿತ್ತು, ಅದೂ ನಿಂತಿತು. ದೋಣಿಯಲ್ಲಿ ಕೂತವರು “ಯಾಕೆ ಹೊನ್ನಪ್ಪಣ್ಣ, ಗಂಟಲು ಕಟ್ಟಿದೆಯಾ?” ಎಂದು ತಮಾಷೆ ಮಾಡಿದರಂತೆ.

ಚಂಪಾಳನ್ನು ಬಿಡಿಸಿಕೊಂಡು ಬರೋಣವೆಂದರೆ ಸೈಕಲ್ ಹುಡುಗನ ಮಂಡಿ ನೆನಪಾಗುತ್ತಿತ್ತು. ಸೈಕಲ್ಲಿನಲ್ಲಿ ಅರ್ಧ ಬಂದರೆ ಗಾಯವಾಗುತ್ತದೆ. ನೀರಿನಲ್ಲಿ ಅರ್ಧ ಬಂದರೆ ಇಬ್ಬರೂ ಹೋಗುತ್ತಾರೆ. ಹಾಗಾಗಿ ದಿನಾ ಬೆಳಿಗ್ಗೆ ನಾನೇ ಅವಳ ಜಡೆ ಕಟ್ಟಿ, ಸೋರೆಬುರುಡೆ ಕೈಗೆ ಕೊಟ್ಟು ಕಳಿಸುತ್ತಿದ್ದೆ. ಅವಳು ಒಂದೊಂದು ದಿನ ಒಂದೊಂದು ಕಲಿತು ಬಂದು ಹೇಳುವಳು. ಇವತ್ತು ಕಾಲು ಬಡಿದೆ, ಇವತ್ತು ಉಸಿರು ಹಿಡಿದೆ, ಇವತ್ತು ಬುರುಡೆ ಬಿಚ್ಚಿದೆ. ಶಾಬಾಷ್ ಎನ್ನಲು ನನಗೆ ನಾಲಗೆ ಏಳುತ್ತಿರಲಿಲ್ಲ. ಅವಳು ಕಲಿಯಲಿ ಎಂದೂ ಕಲಿಯದಿರಲಿ ಎಂದೂ ದೇವರಿಗೆ ಒಂದೇ ಬಾಯಲ್ಲಿ ಕೈಮುಗಿಯುತ್ತಿದ್ದೆ. ಮಧ್ಯಾಹ್ನ ಊಟ ಬಿಟ್ಟು ಹೊಳೆಯ ದಡದ ಅತ್ತಿಮರದ ಕೆಳಗೆ ಹೋಗಿ ಕೂರುವುದು, ದೋಣಿ ಈ ದಡಕ್ಕೆ ಬಂದರೆ ಉಸಿರು ಬಿಡುವುದು, ಮತ್ತೆ ಹೊರಟರೆ ಮತ್ತೆ ಹಿಡಿಯುವುದು. ಯಾರಾದರೂ ಕೇಳಿದರೆ ನೆರಳು ತಂಪಾಗಿದೆ ಎನ್ನುತ್ತಿದ್ದೆ.

ಒಂಬತ್ತನೆಯ ದಿನ ಅತ್ತೆ ಮೈಯೆಲ್ಲ ನೆನೆಸಿಕೊಂಡು ಮನೆಗೆ ಬಂದರು. ಸೀರೆಯಿಂದ ಸುರಿಯುವ ನೀರು ಅಂಗಳದುದ್ದಕ್ಕೂ ಗೆರೆ ಎಳೆದಿತ್ತು.

“ಕಲ್ಯಾಣಿಗೆ ಇಳಿದಿದ್ದೆ” ಎಂದರು. “ಕಲ್ಲಿನ ಥರ ಮುಳುಗಿದೆ ಕಣೇ. ಹೂವಿನ ರಂಗಮ್ಮ ಸೆರಗು ಹಿಡಿದು ಎಳೆದ್ಳು, ಇಲ್ದಿದ್ರೆ ಇವತ್ತೇ ನನ್ನ ಕಥೆ ಮುಗೀತಿತ್ತು. ಹೋಗಿರೋದು ನಂದೇ. ಪೂರ್ತಿ ಹೋಗಿದೆ.”

ಆಗ ನನಗಾದ ನೆಮ್ಮದಿಗೆ ಈಗಲೂ ನಾಚಿಕೆಯಾಗುತ್ತದೆ. ಎಪ್ಪತ್ತು ವರ್ಷದ ಮುದುಕಿ ನಡುಗುತ್ತ ನಿಂತಿದ್ದಾರೆ; ನಾನು ಟವೆಲ್ ತರುವುದು ಬಿಟ್ಟು ದೇವರ ಮುಂದೆ ದೀಪ ಹಚ್ಚಲು ಓಡಿದೆ. ಸಂಜೆ ಗಂಡ ಬಂದಾಗ ಅತ್ತೆಯೇ ಇನ್ನೊಂದು ಸಲ ಎಲ್ಲ ಹೇಳಿದರು, ಮುಳುಗಿದ್ದು, ಬಾಯಿಗೆ ನೀರು ಹೋದದ್ದು, ರಂಗಮ್ಮ ಬೈದದ್ದು. ಅವರು ತಾಯಿಯ ಕಾಲ ಬಳಿ ಕೂತು, “ನಿಂಗ್ಯಾಕೆ ಬೇಕಿತ್ತವ್ವ ಇದೆಲ್ಲ” ಎಂದು ಗದರಿದರು. ಆದರೆ ಊಟಕ್ಕೆ ಎರಡು ಸಲ ಬಡಿಸಿಕೊಂಡರು. ಮರುದಿನ ದೋಣಿಗೆ ಒಂದೇ ನೆಗೆತಕ್ಕೆ ಹಾರಿದರು. ಹಾಡು ಮತ್ತೆ ಶುರುವಾಯಿತು. ನಾನು ಅತ್ತಿಮರದ ಕೆಳಗೆ ಹೋಗುವುದನ್ನು ಬಿಟ್ಟೆ.

ಇಪ್ಪತ್ತೊಂದನೆಯ ದಿನ ಶಿಬಿರದ ಸಮಾರೋಪ. ಅಂದು ಮಕ್ಕಳು ಕಲಿತದ್ದನ್ನು ಮನೆಯವರೆಲ್ಲ ಬಂದು ನೋಡುತ್ತಾರೆ. ಬೆಳಗಿನಿಂದಲೇ ಮೋಡ ಕವಿದು ಗಾಳಿ ಎದ್ದಿತ್ತು. ಇವರು “ಆ ದಡದಲ್ಲಿ ಮದುವೆ ದಿಬ್ಬಣ ಕಾಯ್ತಿದೆ, ದಾಟಿಸಿ ಬಂದ್ಬಿಡ್ತೀನಿ” ಎಂದು ಹೊಳೆಗೆ ಹೋದರು. ನಾನೂ ಅತ್ತೆಯೂ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತೆವು. ಅತ್ತೆ ಯಾಕೋ ಬರಲು ಬೇಡವೆಂದಿದ್ದರು. ನಾನೇ ಕೈ ಹಿಡಿದು ಕರೆತಂದಿದ್ದೆ. ಕೊಟ್ಟದ್ದು ಅವರು, ನೋಡಬೇಡವೇ? ಅತ್ತೆಯ ಈಜು ಕಪ್ಪೆಯ ಈಜು, ಎರಡೂ ಕೈ ಎರಡೂ ಕಾಲು ಅಗಲಿಸಿ ನೀರನ್ನು ಬದಿಗೆ ಸರಿಸಿಕೊಂಡು ಹೋಗುತ್ತಿದ್ದರೆಂದು ಹಳಬರು ಹೇಳುವುದನ್ನು ಕೇಳಿದ್ದೆ. ಮಗಳು ಹಾಗೆ ಈಜುವುದನ್ನು ನೋಡಬೇಕೆಂದು ಆಸೆಯಿಂದ ಕಾದಿದ್ದೆ.

ಚಂಪಾಳ ಸರದಿ ಬಂತು. ಮೇಷ್ಟ್ರು ಸೀಟಿ ಊದಿದರು. ಅವಳು ನೀರಿಗೆ ಧುಮುಕಿ ಮೇಲೆ ಬಂದಳು. ಮೈ ಒಂದು ಕಡೆಗೆ ವಾಲಿಸಿ, ಬಲಗೈಯೊಂದರಲ್ಲೇ ನೀರು ಎಳೆಯುತ್ತ ಹೊರಟಳು. ಎಡಗೈ ಮೊಳಕೈಯವರೆಗೆ ನೀರಿನ ಮೇಲಿತ್ತು. ಅಂಗೈ ಬಟ್ಟಲಿನಂತೆ ಮಡಿಸಿತ್ತು, ಏನನ್ನೋ ಎತ್ತಿ ಹಿಡಿದವರ ಹಾಗೆ. ಅದರಲ್ಲಿ ಏನೂ ಇರಲಿಲ್ಲ. ಮೆಟ್ಟಿಲ ಮೇಲಿದ್ದ ಜನ ನಕ್ಕರು. “ಕೈ ಇಳಿಸು! ಎಷ್ಟು ಸಲ ಹೇಳೋದು, ಕೈ ಇಳಿಸು!” ಎಂದು ಮೇಷ್ಟ್ರು ಕೂಗಿದರು. ಅವಳು ಇಳಿಸಲಿಲ್ಲ. ಈ ದಡದಿಂದ ಆ ದಡದವರೆಗೆ ಹಾಗೇ ಹೋದಳು.

ನಾನು ಅತ್ತೆಯ ಕಡೆ ತಿರುಗಿದೆ. ಅವರು ಆಗಲೇ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದರು.

“ನೀವು ಮುಳುಗಲಿಲ್ಲ” ಎಂದೆ.

“ಇಲ್ಲ ಕಣೇ.” ಹಿಡಿದ ಮಣಿಕಟ್ಟು ಬಿಡದೆ ಅಂದರು. “ಹೂವಿನ ಹಾಗೆ ತೇಲಿಬಿಟ್ಟೆ. ಮುಳುಗು, ಮುಳುಗು ಅಂತ ಮೈನ ಬೈದೆ, ಮುಳುಗ್ಲೇ ಇಲ್ಲ. ನೀರಲ್ಲೇ ಅತ್ಬಿಟ್ಟೆ. ರಂಗಮ್ಮನ ಕೈ ಹಿಡ್ಕೊಂಡು ಯಾರಿಗೂ ಹೇಳ್ಬೇಡ ಅಂದೆ. ನೀನೂ ಹೊನ್ನಪ್ಪನಿಗೆ ಹೇಳ್ಬೇಡ ಕಣೇ, ನಿನ್ ದಮ್ಮಯ್ಯ. ಈಜು ಬರಲ್ಲ ಅಂತ ಗೊತ್ತಾದ್ರೆ ಹುಟ್ಟು ಹಿಡಿಯೋ ಕೈ ನಡುಗುತ್ತೆ. ಕೈ ನಡುಗಿದ್ರೆ ದೋಣಿ ನಿಲ್ಲಲ್ಲ.”

ಗಾಳಿ ನನ್ನ ಸೆರಗನ್ನು ಮುಖಕ್ಕೆ ಬಡಿಯಿತು. ಆಗ ನೆನಪಾಯಿತು, ದಿಬ್ಬಣ. ಮಗಳಿಗೆ ಸರ್ಟಿಫಿಕೇಟ್ ಕೊಡುತ್ತಿದ್ದರು. ಅವಳು ನನ್ನನ್ನು ಹುಡುಕುತ್ತ ಕತ್ತು ಚಾಚುತ್ತಿದ್ದಳು. ನಾನು ಬೆನ್ನು ಹಾಕಿ ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ತಿಳಿಯದು. ಹೊಳೆಯ ದಡಕ್ಕೆ ಬರುವಾಗ ನೀರು ಮಣ್ಣಿನ ಬಣ್ಣಕ್ಕೆ ತಿರುಗಿ ತೆರೆ ಏಳುತ್ತಿತ್ತು. ದೋಣಿ ನಡುಹೊಳೆಯಲ್ಲಿತ್ತು, ತುಂಬ ಜನ, ಬಣ್ಣಬಣ್ಣದ ಸೀರೆ. ಅದರ ಹಿಂತುದಿಯಲ್ಲಿ ನನ್ನ ಗಂಡ ಎದ್ದು ನಿಂತು ಹುಟ್ಟು ಹಾಕುತ್ತಿದ್ದರು. ಅವರು ಹಾಡುತ್ತಿದ್ದರು. ಗಾಳಿಯಲ್ಲಿ ಹಾಡು ತುಂಡು ತುಂಡಾಗಿ ಬರುತ್ತಿತ್ತು. ಕೂಗಿ ಕುಳಿತುಕೊಳ್ಳಿ ಎನ್ನಲೇ? ಕೂಗಿದರೆ ಏಕೆಂದು ತಿರುಗಿ ನೋಡುತ್ತಾರೆ. ಬಾಯಿಗೆ ಸೆರಗು ತುರುಕಿಕೊಂಡು ನಿಂತೆ. ದೋಣಿ ಒಂದು ಸಲ ಎಡಕ್ಕೆ ವಾಲಿತು, ಹೆಂಗಸರು ಚೀರಿದರು, ಅವರು ಕಾಲು ಅಗಲಿಸಿ, ಹುಟ್ಟು ಒತ್ತಿ, ದೋಣಿಯನ್ನು ನೆಟ್ಟಗೆ ಮಾಡಿದರು. ಕೈ ನಡುಗಲಿಲ್ಲ. ಅತ್ತೆಯ ಸುಳ್ಳು ಅಷ್ಟು ಜನರನ್ನು ದಡ ಮುಟ್ಟಿಸಿತು.

“ಬರಿಗಾಲಲ್ಲಿ ಯಾಕೆ ಬಂದೆ?” ಎಂದು ದೋಣಿ ಕಟ್ಟುತ್ತ ಕೇಳಿದರು.

“ಸುಮ್ನೆ” ಎಂದೆ.

ಸಂಜೆ ಮನೆಯಲ್ಲಿ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೇಳುವುದಿಲ್ಲವೆಂದು ತೀರ್ಮಾನಿಸಿದ್ದೆ. ಆದರೆ ಮನೆಯಲ್ಲಿ ಮಗುವಿದೆ ಎಂಬುದನ್ನು ಇಬ್ಬರೂ ಮರೆತಿದ್ದೆವು.

“ಎಲ್ಲಿ, ಹೆಂಗೆ ಈಜಿದೆ ತೋರ್ಸು. ನಂಗೆ ನೋಡೋಕ್ ಆಗ್ಲಿಲ್ವಲ್ಲ” ಎಂದರು ಇವರು. ಚಂಪಾ ಖುಷಿಯಿಂದ ನಡುಮನೆಯ ಚಾಪೆಯ ಮೇಲೆ ಬೋರಲು ಮಲಗಿದಳು. ನಾನು “ಬೇಡ, ಊಟಕ್ಕೆ ಏಳಿ” ಎನ್ನುವಷ್ಟರಲ್ಲಿ ಅವಳ ಎಡಗೈ ಮೇಲೆದ್ದಾಗಿತ್ತು.

ಇವರು ಬಹಳ ಹೊತ್ತು ನೋಡಿದರು. “ಆ ಕೈಯಲ್ಲೇನಿದೆ ಮಗ?” ಎಂದು ಮೆಲ್ಲಗೆ ಕೇಳಿದರು.

“ಏನೂ ಇಲ್ಲಪ್ಪ. ಮೇಷ್ಟ್ರು ದಿನಾ ಬೈತಿದ್ರು. ಆದ್ರೆ ಕೈ ಇಳಿಸಿದ್ರೆ ಏನೋ ಮುಳುಗಿಹೋಗುತ್ತೆ ಅನ್ಸುತ್ತೆ. ತುಂಬಾ ಭಯ ಆಗುತ್ತೆ. ಅದಕ್ಕೇ ಇಳಿಸಲ್ಲ.”

ಅವರು ತಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ತಾಯಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಅವರು ಮಗಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, ಗಾಳಿಯಲ್ಲಿದ್ದ ಆ ಪುಟ್ಟ ಅಂಗೈಯನ್ನು ಕೆಳಗಿನಿಂದ ಮುಟ್ಟಿ, “ಇಳಿಸ್ಬೇಡ” ಎಂದರು. “ಯಾರು ಎಷ್ಟೇ ಬೈದ್ರೂ ಇಳಿಸ್ಬೇಡ.”

ಬೆಳಿಗ್ಗೆ ಎದ್ದು ನೋಡಿದರೆ ಗೂಟದಲ್ಲಿ ನೇತುಹಾಕಿದ್ದ ಚಂಪಾಳ ಸೋರೆಬುರುಡೆಗಳು ಇರಲಿಲ್ಲ. ಇವರು ಅಂಗಳದಲ್ಲಿ ನಿಂತು ಅವನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಮಗುವಿನ ಅಳತೆಯ ಹಗ್ಗ ಸಾಲದೆ ನನ್ನ ಹಳೆಯ ಸೀರೆಯ ಅಂಚು ಹರಿದು ಸೇರಿಸಿದ್ದರು. ಅಂಬಿಗರ ವಂಶದಲ್ಲಿ ಬುರುಡೆ ಕಟ್ಟಿಕೊಂಡು ದೋಣಿ ಹತ್ತಿದವರು ಅವರೊಬ್ಬರೇ. ಊರು ಬಿದ್ದು ಬಿದ್ದು ನಕ್ಕಿತು, ಈಗಲೂ ನಗುತ್ತದೆ. ಅವರು ದೋಣಿಯ ಅಂಚು ಹಿಡಿದು ನಿಧಾನವಾಗಿ ಹತ್ತುತ್ತಾರೆ. ಹಾಡುವುದಿಲ್ಲ.

ನಾನು ಈಗಲೂ ಶಾಲೆಯ ಜಗಲಿಯಲ್ಲಿ ಕೂತು ಅರ್ಜಿ ತೆಗೆದುಕೊಳ್ಳುತ್ತೇನೆ. ಪ್ರತಿಯೊಂದರ ಆರನೇ ಕಾಲಂ ಮೇಲೆ ಬೆರಳಿಟ್ಟು, ಹೆಸರನ್ನು ಗಟ್ಟಿಯಾಗಿ ಓದಿ, ಆಮೇಲೆಯೇ ಮುದ್ರೆ ಒತ್ತುತ್ತೇನೆ, ಸಾಲಿನಲ್ಲಿರುವವರು ಬೈಯುತ್ತಾರೆ. ಸಂಜೆ ಮನೆಗೆ ಬಂದು ಅಕ್ಕಿ ತೊಳೆದಿಟ್ಟು, ಹೊಸ್ತಿಲ ಮೇಲೆ ಕೂತುಕೊಳ್ಳುತ್ತೇನೆ. ಹೊಳೆಯ ಓಣಿಯಿಂದ ಎರಡು ಬುರುಡೆಗಳು ಒಂದಕ್ಕೊಂದು ತಾಗುವ ಸದ್ದು ಕೇಳಬೇಕು. ಟೊಕ್, ಟೊಕ್. ಅದು ಕೇಳುವವರೆಗೆ ನಾನು ಒಲೆ ಹಚ್ಚುವುದಿಲ್ಲ.